ಗೂಗಲ್‌ನಲ್ಲಿ ಸಿಕ್ಕ ಜೀನ್ಸ್ ಫೋಟೊ, 42 ಸಾವಿರದ ಬಿಲ್ಲು

ಬಳ್ಳಾರಿಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಫ್ಯಾನ್ ಸದ್ದು ಕೇಳಿಸಿದರೆ ಸ್ವಲ್ಪ ಸಹಿಸಿಕೊಳ್ಳಿ. ಬಳ್ಳಾರಿ ಬೇಸಿಗೆಯಲ್ಲಿ ಫ್ಯಾನ್ ಆರಿಸಿ ರೆಕಾರ್ಡ್ ಮಾಡೋ ಧೈರ್ಯ ನನಗಿಲ್ಲ.

ಹೋದ ತಿಂಗಳು ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಕುರುಗೋಡಿನ ಗೆಳೆಯ ಫೋನ್ ಮಾಡಿದ. ನಾವಿಬ್ಬರೂ ಬಿಕಾಂ, ಒಂದೇ ಬೆಂಚು. ಅವನೀಗ ಜೀನ್ಸ್ ವ್ಯಾಪಾರದಲ್ಲಿದ್ದಾನೆ. ಸ್ವಂತ ಯೂನಿಟ್ ಇಲ್ಲ. ಬಟ್ಟೆ ತರಿಸಿ, ಬಳ್ಳಾರಿಯಲ್ಲೇ ಕಟಿಂಗ್, ಹೊಲಿಗೆ, ವಾಷಿಂಗ್ ಎಲ್ಲವನ್ನೂ ಜಾಬ್‌ವರ್ಕ್‌ಗೆ ಕೊಟ್ಟು, ತನ್ನ ಲೇಬಲ್ ಹಾಕಿ ಇನ್‌ಸ್ಟಾಗ್ರಾಂನಲ್ಲೂ ಒಂದು ಸಣ್ಣ ವೆಬ್‌ಸೈಟ್‌ನಲ್ಲೂ ಮಾರ್ತಾನೆ. ಲಾಭ ತೆಳು, ಆದರೆ ಲೇಬಲ್ ಮೇಲೆ ತನ್ನ ಹೆಸರಿದೆ ಅನ್ನೋ ಖುಷಿ ದೊಡ್ಡದು.

"ಲೇ, ಒಂದು ಮೇಲ್ ಬಂದೈತೆ ನೋಡು. ಇಂಗ್ಲಿಷ್‌ನಾಗೆ ಐತೆ, ಎಲ್ಲಾ ವಕೀಲರ ಭಾಷೆ. ದುಡ್ಡು ಕೇಳ್ತಿದಾರೆ. ಆ ಡಿಜಿಟಲ್ ಅರೆಸ್ಟ್ ಅಂತಾರಲ್ಲ, ಅಂಥದ್ದೇ ಏನರ ಇರ್ಬೇಕು ಅಲ್ಲ?"

ನನಗೂ ಮೊದಲು ಹಾಗೇ ಅನ್ನಿಸಿತು. ಮೇಲ್ ಫಾರ್ವರ್ಡ್ ಮಾಡಿಸಿಕೊಂಡು ಓದಿದೆ. ಅದರಲ್ಲಿ ಎರಡು ಚಿತ್ರ. ಒಂದು ನನ್ನ ಗೆಳೆಯನ ವೆಬ್‌ಸೈಟ್‌ನ ಸ್ಕ್ರೀನ್‌ಶಾಟ್, ಮೇಲೆ ದಿನಾಂಕ. ಇನ್ನೊಂದು ಅದೇ ಫೋಟೊದ ಮೂಲ: ನೀಲಿ ಗೋಡೆಗೆ ಒರಗಿ ನಿಂತ ಒಬ್ಬ ಹುಡುಗ, ಮಡಚಿದ ಜೀನ್ಸ್, ಬಿಳಿ ಶೂ. ಕೆಳಗೆ ಫೋಟೊಗ್ರಾಫರ್ ಹೆಸರು. ಲೈಸೆನ್ಸ್ ಇದ್ದರೆ ತೋರಿಸಿ, ಇಲ್ಲದಿದ್ದರೆ ಇಷ್ಟು ಯೂರೋ ಕಟ್ಟಿ ಅಂತ. ರೂಪಾಯಿಗೆ ತಿರುಗಿಸಿ ನೋಡಿದರೆ ಸುಮಾರು 42,000. ಅವನಿಗೆ ಅದು ಒಂದು ಪೂರ್ತಿ ಲಾಟ್‌ನ ಲಾಭ.

ವೆಬ್‌ಸೈಟ್ ಮಾಡಿಕೊಟ್ಟಿದ್ದ ಹುಡುಗನಿಗೆ ಬೆಳಿಗ್ಗೆ ಫೋನ್ ಹಚ್ಚಿದ್ವಿ. ಅವನು ಸ್ವಲ್ಪವೂ ಗಾಬರಿಯಾಗದೆ ಹೇಳಿದ: "ಅಣ್ಣ, ಅದು ಫ್ರೀ ಇಮೇಜ್. ಗೂಗಲ್‌ನಿಂದ ತಗೊಂಡಿದ್ದು."

ಇವತ್ತಿನ ಎಪಿಸೋಡ್ ಈ ಒಂದು ಮಾತಿನ ಮೇಲೆ.

ಗೂಗಲ್ ಆ ಫೋಟೊದ ಮಾಲೀಕ ಅಲ್ಲ. ಯಾರದೋ ಸೈಟ್‌ನಲ್ಲಿರೋ ಚಿತ್ರವನ್ನ ಹುಡುಕಿ, "ನೋಡಿ, ಅಲ್ಲಿದೆ" ಅಂತ ಬೆರಳು ತೋರಿಸುತ್ತೆ, ಅಷ್ಟೇ. ಬೆಂಗಳೂರು ರೋಡಲ್ಲಿ ನಿಂತು ಯಾರನ್ನೋ ಕೇಳ್ತೀರಿ, "ಚಪ್ಪಲಿ ಅಂಗಡಿ ಎಲ್ಲಿ?" ಅವರು ತೋರಿಸ್ತಾರೆ. ಹಾಗಂತ ಅಂಗಡಿಗೆ ಹೋಗಿ ಚಪ್ಪಲಿ ಹಾಕ್ಕೊಂಡು ಬಂದು "ಅವರೇ ತೋರಿಸಿದ್ರು" ಅಂದರೆ ನಡೆಯುತ್ತಾ? ಗೂಗಲ್ ಇಮೇಜಸ್‌ನಲ್ಲಿ ಟೂಲ್ಸ್ ಒತ್ತಿದರೆ ಬಳಕೆಯ ಹಕ್ಕಿನ ಪ್ರಕಾರ ಸೋಸಿ ನೋಡೋ ಆಯ್ಕೆ ಇದೆ. ನಾನು ಕೇಳಿದವರಲ್ಲಿ ಒಬ್ಬರೂ ಅದನ್ನ ಒತ್ತಿ ನೋಡಿರಲಿಲ್ಲ.

ಕಾನೂನು ಏನು ಹೇಳುತ್ತೆ? ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ಫೋಟೊ ಕೂಡ ಒಂದು ಕಲಾಕೃತಿ. ಕ್ಯಾಮೆರಾ ಕ್ಲಿಕ್ ಆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತೆ. ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ, ಮೂಲೆಯಲ್ಲಿ ಆ "ಸಿ" ಚಿಹ್ನೆ ಇರಲೇಬೇಕು ಅಂತಲೂ ಇಲ್ಲ. 2012ರ ತಿದ್ದುಪಡಿ ಆದಮೇಲೆ ಫೋಟೊದ ಹಕ್ಕು ತೆಗೆದವರ ಜೀವಿತಾವಧಿ ಪೂರ್ತಿ, ಅವರ ನಂತರ ಮತ್ತೆ 60 ವರ್ಷ. ತೆಗೆದವರು ವಿದೇಶದವರು, ನಮಗೇನು ಅನ್ನೋ ಹಾಗೂ ಇಲ್ಲ. ಬರ್ನ್ ಒಪ್ಪಂದದಲ್ಲಿ ಭಾರತ 1928ರಿಂದ ಇದೆ. ಅದರಲ್ಲಿರೋ ಇತರ ದೇಶದವರ ಕೃತಿಗೂ ಇಲ್ಲಿ ರಕ್ಷಣೆ ಇದೆ.

ಇಲ್ಲಿ ಒಂದು ಪಕ್ಕದ ವಿಷಯ, ಎಷ್ಟೋ ಜನಕ್ಕೆ ಗೊತ್ತಿಲ್ಲ. ನೀವು ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಥರ ಒಪ್ಪಂದ ಆಗಿಲ್ಲದಿದ್ದರೆ, ಮೊದಲ ಹಕ್ಕುದಾರರು ನೀವೇ. ಕಾಯ್ದೆಯ 17ನೇ ಕಲಂ. ನಿಮ್ಮ ಮದುವೆ ಫೋಟೊವನ್ನ ಸ್ಟುಡಿಯೋದವರು ಕೇಳದೆ ತಮ್ಮ ಫ್ಲೆಕ್ಸ್ ಮೇಲೆ ಹಾಕಿಕೊಂಡಿದ್ದರೆ ನೀವು ಪ್ರಶ್ನೆ ಮಾಡಬಹುದು. ಸ್ಟುಡಿಯೋದ ಗೆಳೆಯರು ನನ್ನ ಮೇಲೆ ಸಿಟ್ಟು ಮಾಡ್ಕೋಬೇಡಿ.

ಸರಿ, ಸ್ಟಾಕ್ ಇಮೇಜ್‌ಗೆ ಬರೋಣ. ಯಾರೋ ಮೊದಲೇ ತೆಗೆದಿಟ್ಟ ಫೋಟೊ, ಬಿಡಿಸಿಟ್ಟ ಚಿತ್ರ, ರೆಡಿ ಟೆಂಪ್ಲೇಟು, ಇವನ್ನ ಸೈಟ್‌ನಲ್ಲಿಟ್ಟು ಕೊಡ್ತಾರೆ. ಹಣ ಕೊಟ್ಟಾಗ ಅಥವಾ ಫ್ರೀ ಡೌನ್‌ಲೋಡ್ ಮಾಡಿದಾಗ ನಿಮ್ಮ ಕೈಗೆ ಬರೋದು ಚಿತ್ರದ ಒಡೆತನ ಅಲ್ಲ, ಬಳಸೋಕೆ ಒಂದು ಅನುಮತಿ. ಸಿರುಗುಪ್ಪದ ಕಡೆಯವರಿಗೆ ಇದನ್ನ ವಿವರಿಸಬೇಕಾಗೇ ಇಲ್ಲ. ಭತ್ತದ ಗದ್ದೆಯನ್ನ ಎರಡು ಬೆಳೆಗೆ ಗುತ್ತಿಗೆ ಹಿಡಿದವರು ಗದ್ದೆ ಮಾರೋಕಾಗಲ್ಲ, ಅದರಲ್ಲಿ ಇಟ್ಟಿಗೆ ಭಟ್ಟಿ ಹಾಕೋಕೂ ಆಗಲ್ಲ. ಮಾತಾಡಿಕೊಂಡಿದ್ದು ಭತ್ತಕ್ಕೆ, ಭತ್ತಕ್ಕೇ ಬಳಸಬೇಕು. ಲೈಸೆನ್ಸ್ ಅಂದರೆ ಇದೇ ಗುತ್ತಿಗೆ ಪತ್ರ. ವ್ಯತ್ಯಾಸ ಅಂದರೆ ಗದ್ದೆಯ ಪತ್ರವನ್ನ ನಾವು ಕನ್ನಡಕ ಹಾಕ್ಕೊಂಡು ಓದ್ತೀವಿ, ಇದನ್ನ "ಐ ಅಗ್ರೀ" ಒತ್ತಿ ಮುಗಿಸ್ತೀವಿ.

ಆ ಪತ್ರದಲ್ಲಿ ಮೊದಲು ಮೋಸ ಹೋಗೋ ಪದ "ರಾಯಲ್ಟಿ ಫ್ರೀ". ಫ್ರೀ ಅಂತ ಕಂಡ ತಕ್ಷಣ ಪುಕ್ಕಟೆ ಅಂದುಕೊಳ್ತೀವಿ. ಅದರ ಅರ್ಥ ಬೇರೆ: ಒಂದು ಸಲ ಹಣ ಕಟ್ಟಿದ ಮೇಲೆ, ಬಳಸಿದಷ್ಟೂ ಸಲ ಮತ್ತೆ ಮತ್ತೆ ಕಟ್ಟಬೇಕಾಗಿಲ್ಲ. ಮೊದಲ ಸಲ ಕಟ್ಟಬೇಕು ಅನ್ನೋದು ಅದರಲ್ಲೇ ಇದೆ. ಹಾಗೆ ಕಟ್ಟಿದ ಮೇಲೂ ಮಿತಿ ಇರುತ್ತೆ. ಶಟರ್‌ಸ್ಟಾಕ್, ಅಡೋಬಿ ಸ್ಟಾಕ್‌ನಂಥ ಕಡೆ ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ 5 ಲಕ್ಷ ಪ್ರತಿವರೆಗೆ ಮುದ್ರಿಸಬಹುದು. ವೆಬ್‌ಸೈಟ್ ಬ್ಯಾನರ್‌ಗೆ, ಜಾಹೀರಾತಿಗೆ ತೊಂದರೆ ಇಲ್ಲ. ಅದೇ ಚಿತ್ರವನ್ನ ಟೀ ಶರ್ಟ್ ಮೇಲೆ ಒತ್ತಿ ಮಾರ್ತೀನಿ ಅಂದರೆ, ಅಲ್ಲಿ ಜನ ಕೊಳ್ಳೋದೇ ಆ ಚಿತ್ರಕ್ಕಾಗಿ. ಅದಕ್ಕೆ ಮೇಲಿನ ದರ್ಜೆಯ ಲೈಸೆನ್ಸ್ ಬೇಕು. ಲೋಗೊ ಮಾಡ್ಕೊಂಡು ಟ್ರೇಡ್‌ಮಾರ್ಕ್ ಹಾಕಿಸ್ತೀನಿ ಅಂದರೆ ಸಾಮಾನ್ಯವಾಗಿ ಯಾವ ಸ್ಟಾಕ್ ಸೈಟೂ ಒಪ್ಪಲ್ಲ. ಕ್ಯಾನ್ವಾದಲ್ಲಿ ಸಿಗೋ ಸ್ಟಾಕ್ ಚಿತ್ರಕ್ಕೂ ಇದೇ ಮಾತು. ಸಾವಿರ ಜನ ಬಳಸ್ತಿರೋ ಚಿತ್ರವನ್ನ "ಇದು ನನ್ನೊಬ್ಬನದೇ ಗುರುತು" ಅಂತ ಹೇಳೋದು ಹೇಗೆ?

ಇನ್ನೊಂದು "ಎಡಿಟೋರಿಯಲ್" ಅಂತ ಬರೆದಿರೋ ಫೋಟೊಗಳು. ಕ್ರಿಕೆಟ್ ಪಂದ್ಯ, ಸಿನಿಮಾ ನಟರು, ರ‍್ಯಾಲಿ, ಇಂಥವು. ಸುದ್ದಿಗೆ ಬಳಸಬಹುದು, ವ್ಯಾಪಾರಕ್ಕೆ ಇಲ್ಲ. ಯಾಕೆಂದರೆ ಫೋಟೊಗ್ರಾಫರ್ ತನ್ನ ಹಕ್ಕನ್ನ ಮಾತ್ರ ಕೊಡಬಲ್ಲ. ಫೋಟೊದಲ್ಲಿರೋ ಮನುಷ್ಯನ ಒಪ್ಪಿಗೆ ಬೇರೆಯೇ ಕಾಗದ. ಅದಕ್ಕೆ ಮಾಡೆಲ್ ರಿಲೀಸ್ ಅಂತಾರೆ.

ಹಾಗಾದರೆ ನಿಜವಾಗಲೂ ಫ್ರೀ ಇರೋ ಸೈಟ್‌ಗಳು? ಇವೆ, ನಾನೂ ಬಳಸ್ತೀನಿ. ಆದರೆ ಅವುಗಳ ನಿಯಮ ನಿಂತ ನೀರಲ್ಲ. ಅನ್‌ಸ್ಪ್ಲ್ಯಾಶ್ ಶುರುವಾಗಿದ್ದು 2013ರಲ್ಲಿ. ಆಗ ಅಲ್ಲಿನ ಫೋಟೊಗಳು ಸಿಸಿ ಝೀರೋ, ಅಂದರೆ ಹಕ್ಕನ್ನೇ ಬಿಟ್ಟುಕೊಟ್ಟ ಹಾಗೆ. 2017ರಲ್ಲಿ ಅವರು ತಮ್ಮದೇ ಲೈಸೆನ್ಸ್‌ಗೆ ಬದಲಾದರು, 2021ರಲ್ಲಿ ಗೆಟ್ಟಿ ಇಮೇಜಸ್ ಆ ಕಂಪನಿಯನ್ನೇ ಕೊಂಡಿತು. ಪಿಕ್ಸಾಬೇ ಕೂಡ 2019ರಲ್ಲಿ ಲೈಸೆನ್ಸ್ ಬದಲಿಸಿತು. ಈಗಲೂ ಎರಡೂ ಕಡೆ ಪುಕ್ಕಟೆ ಸಿಗುತ್ತೆ. ಆದರೆ ಷರತ್ತಿದೆ, ಮತ್ತು ಫೋಟೊದಲ್ಲಿ ಯಾರದೋ ಮುಖ, ಯಾವುದೋ ಕಂಪನಿ ಲೋಗೊ ಇದ್ದರೆ ಅದರ ತಲೆನೋವು ಬಳಸೋ ನಿಮ್ಮದೇ. ಫ್ರೀಪಿಕ್‌ನಲ್ಲಿ ಪುಕ್ಕಟೆ ಅಕೌಂಟ್‌ನಿಂದ ತಗೊಂಡರೆ ಹೆಸರು ಹಾಕಬೇಕು. ಆ ಸಾಲನ್ನ ನಮ್ಮೂರಿನ ಯಾವ ಫ್ಲೆಕ್ಸ್ ಮೇಲೂ ನಾನು ಇದುವರೆಗೆ ನೋಡಿಲ್ಲ.

ಹೀಗಾಗಿ ನನ್ನ ಒಂದು ಅಭ್ಯಾಸ ಹೇಳ್ತೀನಿ, ಕಾಮರ್ಸ್ ಓದಿದವನ ಚಟ ಅಂದುಕೊಳ್ಳಿ. ವೋಚರ್ ಇಲ್ಲದ ಖರ್ಚನ್ನ ಆಡಿಟರ್ ಒಪ್ಪಲ್ಲ ಅಲ್ವಾ? ಹಾಗೇ ಪ್ರತಿ ಚಿತ್ರಕ್ಕೂ ಒಂದು ವೋಚರ್. ಡೌನ್‌ಲೋಡ್ ಮಾಡಿದ ದಿನವೇ ಆ ಪುಟದ ಲಿಂಕು, ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟ್, ಹಣ ಕಟ್ಟಿದ್ದರೆ ಬಿಲ್ಲು, ಎಲ್ಲ ಒಂದೇ ಫೋಲ್ಡರ್‌ನಲ್ಲಿ. ಎರಡು ವರ್ಷದ ಮೇಲೆ ಆ ಸೈಟ್ ನಿಯಮ ಬದಲಿಸಿದರೂ, ಆ ಫೋಟೊವನ್ನೇ ಅಳಿಸಿಬಿಟ್ಟರೂ, ನಾನು ತಗೊಂಡ ದಿನ ಏನಿತ್ತು ಅನ್ನೋಕೆ ಪುರಾವೆ ಇರುತ್ತೆ.

ಈ ಚಟ ಸುಮ್ಮನೆ ಬಂದಿದ್ದಲ್ಲ. ಈ ಪಾಡ್‌ಕಾಸ್ಟ್‌ನ ಮೊದಲ ಸೀಸನ್‌ನ ಕವರ್ ನೆನಪಿದೆಯಾ, ಬಳ್ಳಾರಿ ಕೋಟೆ ಗುಡ್ಡದ ಫೋಟೊ? ಅದನ್ನ ನಾನೂ ಗೂಗಲ್‌ನಿಂದಲೇ ಎತ್ತಿದ್ದು. ಡಿಸ್ಕ್ರಿಪ್ಷನ್‌ನಲ್ಲಿ ಜಂಬವಾಗಿ "ಕ್ರೆಡಿಟ್ಸ್: ಗೂಗಲ್" ಅಂತ ಬರೆದಿದ್ದೆ. ಕೆಲವು ವಾರದ ಮೇಲೆ ಒಬ್ಬರು ಮೆಸೇಜ್ ಮಾಡಿದರು, "ಆ ಫೋಟೊ ನನ್ನದು, ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಾಕಿದ್ದೆ. ಬಳಸಿದ್ದಕ್ಕೆ ಬೇಜಾರಿಲ್ಲ, ಹೆಸರು ಹಾಕಿ ಅಷ್ಟೇ." ಬಿಸಿಲಿಗೆ ಗುಡ್ಡ ಹತ್ತಿ ತೆಗೆದ ಫೋಟೊ. ಅವರು ಬೈದಿದ್ದರೆ ಇಷ್ಟು ನಾಚಿಕೆ ಆಗ್ತಿರಲಿಲ್ಲ.

ಅದು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನ ಫೋಟೊ. 2002ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಹಕ್ಕುದಾರರೇ ಮುಂದಾಗಿ, ಯಾರು ಬೇಕಾದರೂ ಈ ಷರತ್ತಿನ ಮೇಲೆ ಬಳಸಿ ಅಂತ ಬರೆದಿಡ್ತಾರೆ. ಫೋಟೊ ಕೆಳಗೆ ಎರಡೆರಡು ಅಕ್ಷರಗಳಿರುತ್ತವೆ. ಬಿವೈ ಅಂದರೆ ಹೆಸರು ಹಾಕಿ. ಎನ್‌ಸಿ ಅಂದರೆ ವ್ಯಾಪಾರಕ್ಕೆ ಬೇಡ. ಎನ್‌ಡಿ ಅಂದರೆ ತಿದ್ದಿ ಬದಲಿಸಿದ್ದನ್ನ ಹಂಚಬೇಡಿ. ಎಸ್‌ಎ ಅಂದರೆ ಇದರಿಂದ ಹೊಸದು ಮಾಡಿ ಹಂಚಿದರೆ ಅದನ್ನೂ ಇದೇ ಷರತ್ತಿನಲ್ಲಿ ಬಿಡಿ. ನಾನು ತಗೊಂಡಿದ್ದು ಬಿವೈ-ಎಸ್‌ಎ. ತೆಗೆದವರ ಹೆಸರು, ಲೈಸೆನ್ಸ್ ಹೆಸರು, ಲಿಂಕು, ನಾನು ಮೇಲೆ ಅಕ್ಷರ ಸೇರಿಸಿದ್ದೀನಿ ಅನ್ನೋ ಮಾತು, ನನ್ನ ಕವರ್ ಕೂಡ ಅದೇ ಲೈಸೆನ್ಸ್‌ನಲ್ಲಿದೆ ಅನ್ನೋ ಸಾಲು, ಇಷ್ಟು ಹಾಕಿದೆ. ಒಟ್ಟು ಐದು ನಿಮಿಷದ ಕೆಲಸ. 2013ರಲ್ಲಿ ಬಂದ ನಾಲ್ಕನೇ ಆವೃತ್ತಿಯಲ್ಲಿ ಒಂದು ಒಳ್ಳೆಯ ಅಂಶ ಇದೆ: ತಪ್ಪು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಕಳೆದುಹೋದ ಅನುಮತಿ ವಾಪಸ್ ಬರುತ್ತೆ. ಹಳೆಯ ಆವೃತ್ತಿಗಳಲ್ಲಿ ಈ ಅವಕಾಶ ಇಲ್ಲ.

ಇದೆಲ್ಲ ನಮ್ಮಂಥ ಸಣ್ಣವರ ರಗಳೆ ಅಂದುಕೊಂಡಿದ್ದರೆ, ಎಲ್ಲರಿಗೂ ಗೊತ್ತಿರೋ ಒಂದು ಕೇಸ್ ನೋಡೋಣ. ಅದು ಫೋಟೊ ಅಲ್ಲ, ಹಾಡು. ಆದರೆ ಕಾಯ್ದೆ ಅದೇ.

2022ರ ಭಾರತ್ ಜೋಡೋ ಯಾತ್ರೆ ಅಕ್ಟೋಬರ್ 15ರಂದು ನಮ್ಮ ಬಳ್ಳಾರಿಗೆ ಬಂದಿತ್ತು, ದೊಡ್ಡ ಸಭೆ ನಡೆದಿತ್ತು. ಆ ಯಾತ್ರೆಯ ಪ್ರಚಾರದ ವಿಡಿಯೊಗಳಿಗೆ ಕೆಜಿಎಫ್ ಚಾಪ್ಟರ್ 2ರ ಹಿಂದಿ ಹಾಡನ್ನ ಅನುಮತಿ ಇಲ್ಲದೆ ಬಳಸಿದ್ದಾರೆ ಅಂತ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. ಯಶವಂತಪುರ ಠಾಣೆಯಲ್ಲಿ ಎಫ್‌ಐಆರ್ ಆಯ್ತು. ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯಲು ಆದೇಶ ಮಾಡಿತು. ಮರುದಿನವೇ ಹೈಕೋರ್ಟ್, ಆ ವಿಡಿಯೊಗಳನ್ನ ತೆಗೆಯಬೇಕು ಅನ್ನೋ ಷರತ್ತಿನ ಮೇಲೆ ಆ ಆದೇಶ ರದ್ದು ಮಾಡಿತು. 2023ರ ಜೂನ್‌ನಲ್ಲಿ, ಎಫ್‌ಐಆರ್ ರದ್ದು ಮಾಡಿ ಅಂತ ಕೇಳಿದ್ದಕ್ಕೆ ಹೈಕೋರ್ಟ್ ಒಪ್ಪಲಿಲ್ಲ. ಯಾರು ಸರಿ, ಯಾರು ತಪ್ಪು ಅನ್ನೋದು ನ್ಯಾಯಾಲಯದ ಕೆಲಸ. ನನ್ನ ಕಣ್ಣಿಗೆ ಬಿದ್ದಿದ್ದು ಇಷ್ಟು: ಚಿಕ್ಕ ಕ್ಲಿಪ್ಪುಗಳು, ಒಂದು ರಾಷ್ಟ್ರೀಯ ಪಕ್ಷದ ಖಾತೆಗೇ ಬೀಗ ಬೀಳೋ ಹಂತ. "ಹತ್ತು ಸೆಕೆಂಡ್ ಆದರೆ ಪರವಾಗಿಲ್ಲ" ಅಂತ ರೀಲ್ಸ್ ಮಾಡೋರು ಹೇಳ್ತಾರಲ್ಲ, ಆ ಹತ್ತು ಸೆಕೆಂಡು ಯಾವ ಕಲಂನಲ್ಲೂ ಇಲ್ಲ. 52ನೇ ಕಲಂನಲ್ಲಿ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನದ ವರದಿ ಇಂಥದ್ದಕ್ಕೆ ನ್ಯಾಯವಾದ ಬಳಕೆಯ ವಿನಾಯಿತಿ ಇದೆ. ಜೀನ್ಸ್ ಮಾರೋದು ಆ ಪಟ್ಟಿಯಲ್ಲಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಬ್ಯುಸಿನೆಸ್ ಅಕೌಂಟ್‌ಗೆ ಎಷ್ಟೋ ಸಿನಿಮಾ ಹಾಡು ಸಿಗೋದಿಲ್ಲ, ಗಮನಿಸಿದ್ದೀರಾ? ಕಾರಣ ಇದೇ.

ಗೊತ್ತಿದ್ದೂ ಹಕ್ಕು ಉಲ್ಲಂಘಿಸಿದರೆ 63ನೇ ಕಲಂನಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ. ಇದು ಪೊಲೀಸರು ನೇರವಾಗಿ ಕೇಸ್ ಹಾಕಬಹುದಾದ, ಜಾಮೀನುರಹಿತ ಅಪರಾಧ ಅಂತ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಹೇಳಿದೆ. ಹಕ್ಕುದಾರರ ಹೆಸರು, ಗುರುತು ಇರೋ ಮಾಹಿತಿಯನ್ನ ಬೇಕಂತಲೇ ಅಳಿಸೋದು ಬೇರೆಯೇ ಅಪರಾಧ, 65-ಬಿ ಕಲಂ, 2 ವರ್ಷದವರೆಗೆ ಜೈಲು. ವಾಟರ್‌ಮಾರ್ಕ್ ಅಳಿಸೋ ಆ್ಯಪ್ ಫೋನ್‌ನಲ್ಲಿ ಇಟ್ಟುಕೊಂಡಿರೋರು ಇಲ್ಲಿ ಸ್ವಲ್ಪ ನಿಂತು ಕೇಳಿಸ್ಕೊಳ್ಳಿ.

ಹೆದರಿಸೋಕೆ ಹೇಳ್ತಿಲ್ಲ. ಒಂದು ಫೋಟೊಗೆ ಯಾರೂ ಬೆಳಿಗ್ಗೆ ಬಂದು ಎಳ್ಕೊಂಡು ಹೋಗಲ್ಲ. ಹೆಚ್ಚಿನವು ಮೇಲ್‌ನಲ್ಲೇ ಶುರುವಾಗಿ ಹಣದಲ್ಲಿ ಮುಗಿಯುತ್ತವೆ.

ನಿಮ್ಮಲ್ಲಿ ಕೆಲವರು ಕಳಿಸಿದ ಪ್ರಶ್ನೆ ನೋಡೋಣ. ಕುರುಗೋಡಿನ ಒಬ್ಬರು ಕೇಳಿದ್ದಾರೆ: ದೊಡ್ಡಬಸವೇಶ್ವರ ಜಾತ್ರೆ ಫ್ಲೆಕ್ಸ್‌ಗೆ ನಂದಿ ಫೋಟೊ ಹಾಕೋಕೂ ಕಾಪಿರೈಟ್ ಬೇಕಾ? ಬಸವಣ್ಣನ ಮೂರ್ತಿಗೆ ಕಾಪಿರೈಟ್ ಇಲ್ಲ, ಕೆತ್ತಿದವರು ಹೋಗಿ ಶತಮಾನಗಳಾದವು. ಆದರೆ ಅದರ ಫೋಟೊಗೆ ಇದೆ. ಆ ಬೆಳಕು, ಆ ಕೋನ ಆರಿಸಿ ನಿಂತವರ ಕೆಲಸ ಅದು. ಹಂಪಿ ಕಲ್ಲಿನ ರಥವನ್ನೇ ತಗೊಳ್ಳಿ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಹಂಪಿಯ ಫೋಟೊಗಳನ್ನ ತೆಗೆದಿದ್ದರು. ಆ ಫೋಟೊಗಳ ಹಕ್ಕಿನ ಅವಧಿ ಯಾವಾಗಲೋ ಮುಗಿದಿದೆ. ಅದೇ ಹಂಪಿಯನ್ನ ಹೋದ ವಾರ ಯಾರೋ ಡ್ರೋನ್‌ನಲ್ಲಿ ತೆಗೆದ ಫೋಟೊಗೆ ಪೂರ್ತಿ ಹಕ್ಕಿದೆ. ಜಾತ್ರೆ ಫ್ಲೆಕ್ಸ್‌ಗೆ ಸುಲಭದ ದಾರಿ ಅಂದರೆ ನಿಮ್ಮ ಫೋನ್ ತಗೊಂಡು ಗುಡಿಗೆ ಹೋಗಿ, ಕೇಳಿ, ಒಂದು ಫೋಟೊ ತೆಗೀರಿ. ನಂದಿ ಎಲ್ಲೂ ಹೋಗಲ್ಲ.

ಸಿರುಗುಪ್ಪದಿಂದ ಸ್ಟುಡಿಯೋ ನಡೆಸೋ ಒಬ್ಬರು: "ಕರಿಜ್ಮಾ ಆಲ್ಬಂಗೆ ಪಿಎಸ್‌ಡಿ ಪ್ಯಾಕ್ ದುಡ್ಡು ಕೊಟ್ಟೇ ತಗೊಂಡೀನಿ, ಹಾರ್ಡ್ ಡಿಸ್ಕ್ ತುಂಬ ಐತೆ. ಅದೂ ತಪ್ಪಾ ಅಣ್ಣ?" ಅಣ್ಣ, ದುಡ್ಡು ಕೊಟ್ಟಿದ್ದು ಯಾರಿಗೆ ಅನ್ನೋದು ಪ್ರಶ್ನೆ. ಡಿಸೈನ್ ಮಾಡಿದವರಿಗೋ, ಅವರಿಂದ ಮಾರೋ ಹಕ್ಕು ಪಡೆದವರಿಗೋ ಕೊಟ್ಟಿದ್ದರೆ ಬಿಲ್ಲು, ಲೈಸೆನ್ಸ್ ಕಾಗದ ಇರುತ್ತೆ. ಟೆಲಿಗ್ರಾಂ ಚಾನೆಲ್‌ನಿಂದ ಇಳಿಸಿ ಹಾರ್ಡ್ ಡಿಸ್ಕ್‌ಗೆ ತುಂಬಿ ಮಾರಿದವನಿಗೆ ಕೊಟ್ಟಿದ್ದರೆ ನೀವು ಕೊಂಡಿದ್ದು ಹಾರ್ಡ್ ಡಿಸ್ಕ್ ಮಾತ್ರ. ಫಾಂಟ್‌ಗೂ ಇದೇ. ಕನ್ನಡಕ್ಕೆ ಬಾಲೂ ತಮ್ಮ, ನೋಟೊ ಸ್ಯಾನ್ಸ್ ಕನ್ನಡದಂಥ ಒಳ್ಳೆ ಫಾಂಟ್‌ಗಳು ಮುಕ್ತ ಲೈಸೆನ್ಸ್‌ನಲ್ಲೇ ಇವೆ, ವ್ಯಾಪಾರಕ್ಕೂ ಬಳಸಬಹುದು. ಕದ್ದಿದ್ದನ್ನ ಹುಡುಕೋ ಕಷ್ಟ ಯಾಕೆ?

ಎಐನಲ್ಲಿ ಮಾಡಿದ ಚಿತ್ರದ ಬಗ್ಗೆ ತುಂಬ ಜನ ಕೇಳಿದ್ದೀರಿ. ಅದು ಇನ್ನೊಂದು ಎಪಿಸೋಡಿನ ಸರಕು, ಇವತ್ತು ಬೇಡ.

ಈಗ ನನ್ನ ಗೆಳೆಯನ ಮೇಲ್‌ಗೆ ವಾಪಸ್. ನಾವು ಮೊದಲು ಮಾಡಿದ್ದು ಅದು ನಿಜವೋ ಸುಳ್ಳೋ ಅಂತ ನೋಡಿದ್ದು. ಮೇಲ್‌ನಲ್ಲಿದ್ದ ಲಿಂಕ್ ಒತ್ತಲಿಲ್ಲ. ಫೋಟೊವನ್ನ ಗೂಗಲ್ ಲೆನ್ಸ್‌ಗೆ ಹಾಕಿದೆ. ಒಂದು ಸ್ಟಾಕ್ ಸೈಟ್‌ನಲ್ಲಿ ಅದೇ ಚಿತ್ರ, ಅದೇ ಹೆಸರು. ಆಮೇಲೆ ಫೋಟೊಗ್ರಾಫರ್‌ಗೇ ನೇರವಾಗಿ ಬರೆದು, ಈ ಸಂಸ್ಥೆ ನಿಮ್ಮ ಪರವಾಗಿ ಕೇಳ್ತಿರೋದು ನಿಜವೇ ಅಂತ ಕೇಳಿದ್ವಿ. ಹೌದು ಅಂದರು.

ಹೀಗೆ ಕೇಳೋದು ಮುಖ್ಯ, ಯಾಕಂದರೆ ದೊಡ್ಡ ಸಂಸ್ಥೆಗಳೂ ಎಡವುತ್ತವೆ. ಅಮೆರಿಕದ ಫೋಟೊಗ್ರಾಫರ್ ಕ್ಯಾರಲ್ ಹೈಸ್ಮಿತ್ ತಮ್ಮ ಸಾವಿರಾರು ಫೋಟೊಗಳನ್ನ ಜನರ ಬಳಕೆಗೆ ಅಂತ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟಿದ್ದರು. ತಾವೇ ತೆಗೆದ ಫೋಟೊವನ್ನ ತಮ್ಮದೇ ವೆಬ್‌ಸೈಟ್‌ನಲ್ಲಿ ಹಾಕಿದ್ದಕ್ಕೆ 120 ಡಾಲರ್ ಕಟ್ಟಿ ಅಂತ ಅವರಿಗೇ ಪತ್ರ ಬಂತು! ಅವರು 2016ರಲ್ಲಿ ಗೆಟ್ಟಿ ಇಮೇಜಸ್ ಮೇಲೆ ಕೇಸ್ ಹಾಕಿದರು. ಆದರೆ ಹಕ್ಕನ್ನ ಸಾರ್ವಜನಿಕರಿಗೆ ಬಿಟ್ಟುಕೊಟ್ಟಾಗಿತ್ತು, ಹಾಗಾಗಿ ಅವರ ಕಾಪಿರೈಟ್ ವಾದ ನಿಲ್ಲಲಿಲ್ಲ.

ನಮ್ಮ ಕೇಸಿನಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ಅದೇ ದಿನ ಫೋಟೊ ತೆಗೆಸಿದ್ವಿ, ಇನ್‌ಸ್ಟಾಗ್ರಾಂನಲ್ಲಿದ್ದ ಹಳೆ ಪೋಸ್ಟ್‌ಗಳಿಂದ ಕೂಡ. ತೆಗೆದ ಮಾತ್ರಕ್ಕೆ ಹಿಂದಿನ ಬಳಕೆ ಮಾಫಿ ಆಗಲ್ಲ ಅಂತ ಗೆಳೆಯನಿಗೆ ಹೇಳೋದು ನನಗೆ ಕಷ್ಟ ಆಯ್ತು. ಅವನು ಮೇಲ್ ಬ್ಲಾಕ್ ಮಾಡಿ ಸುಮ್ಮನಿರೋಣ ಅಂತಿದ್ದ. ನನಗೆ ಪರಿಚಯದ ವಕೀಲರೊಬ್ಬರಿಗೆ ತೋರಿಸಿದ್ವಿ. ಅವರು ಹೇಳಿದ ಹಾಗೆ ಉತ್ತರ ಬರೆದ್ವಿ: ಸಣ್ಣ ವ್ಯಾಪಾರ, ಇಷ್ಟು ತಿಂಗಳು ಬಳಸಿದ್ದು, ಆ ಸೈಟ್‌ನಲ್ಲಿ ಇದೇ ಚಿತ್ರದ ಮಾಮೂಲಿ ಲೈಸೆನ್ಸ್ ದರ ಇಷ್ಟಿದೆ, ಅದರ ಆಧಾರದಲ್ಲಿ ಇಷ್ಟು ಕೊಡ್ತೀವಿ. ಮೂರು ಸಲ ಹೋಗಿ ಬಂದು ಕೊನೆಗೆ 18,000ಕ್ಕೆ ನಿಂತಿತು. ಹಿಂದಿನ ಬಳಕೆಯ ಬಗ್ಗೆ ಇನ್ನು ಯಾವ ಕ್ಲೇಮೂ ಇಲ್ಲ ಅಂತ ಬರಹದಲ್ಲಿ ಬಂದ ಮೇಲೇ ಹಣ ಕಳಿಸಿದ್ದು.

ವೆಬ್‌ಸೈಟ್ ಹುಡುಗ ಅರ್ಧ ಕೊಡಬೇಕು ಅಂತ ಗೆಳೆಯನ ಹಟ. ಬಿಲ್ ತೆಗೆದು ನೋಡಿದೆ. "ವೆಬ್‌ಸೈಟ್ ಡಿಸೈನ್, 6,000", ಅಷ್ಟೇ. ಚಿತ್ರಗಳು ಯಾರ ಜವಾಬ್ದಾರಿ ಅಂತ ಒಂದು ಅಕ್ಷರ ಇಲ್ಲ. ಆ ಹುಡುಗ ಇನ್ನೂ ಡಿಪ್ಲೊಮಾ ಓದ್ತಿದ್ದಾನೆ. ಅವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಅವನು ಮುಂದಿನ ಒಂದು ವರ್ಷ ವೆಬ್‌ಸೈಟ್ ಮೇಂಟೆನೆನ್ಸ್ ಪುಕ್ಕಟೆ ಮಾಡ್ತೀನಿ ಅಂದ, ಇವನು ಒಪ್ಪಿದ. ಈಗ ಅವರ ಹೊಸ ಕಾಗದದಲ್ಲಿ ಒಂದು ಸಾಲು ಸೇರಿದೆ: ಬಳಸಿದ ಪ್ರತಿ ಚಿತ್ರ, ಫಾಂಟ್, ಸಂಗೀತದ ಲೈಸೆನ್ಸ್ ಪ್ರತಿಯನ್ನ ಕೆಲಸದ ಜೊತೆಗೇ ಒಪ್ಪಿಸಬೇಕು.

ಹೋದ ಭಾನುವಾರ ಆ ವೆಬ್‌ಸೈಟ್ ತೆಗೆದು ನೋಡಿದೆ. ಬ್ಯಾನರ್‌ನಲ್ಲಿ ಈಗ ಅವನ ತಮ್ಮ ನಿಂತಿದ್ದಾನೆ, ಅವರದೇ ಜೀನ್ಸ್ ಹಾಕ್ಕೊಂಡು, ಹಿಂದೆ ಸಂಜೆ ಬಿಸಿಲಲ್ಲಿ ಕೋಟೆ ಗುಡ್ಡ. ಫೋಟೊ ಗೆಳೆಯನೇ ಫೋನ್‌ನಲ್ಲಿ ತೆಗೆದದ್ದು. ತಮ್ಮನ ನಗು ಸ್ವಲ್ಪ ಸೊಟ್ಟ ಇದೆ ಅಂದೆ.

"ಇರಲಿ ಬಿಡೋ," ಅಂದ. "ಅವನ ಹತ್ರಾನೂ ಮಾಡೆಲ್ ರಿಲೀಸ್‌ಗೆ ಸಹಿ ಹಾಕಿಸ್ಕೊಂಡೀನಿ. ಎರಡು ಪ್ಯಾಂಟ್ ಕೇಳಿದ."